ಇಂಗ್ಲೆಂಡಿನ ಹಳ್ಳಿಯಲ್ಲಿ ಒಂದು ವಾರ: ಮನೆ ಬಾಡಿಗೆಗೆ, ಅಡುಗೆ ನಿಮ್ಮದೇ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋದ ಅಪ್ಪ ಅಮ್ಮಂದಿರಿಗೆ ಎರಡನೇ ವಾರಕ್ಕೇ ಬೇಜಾರು ಶುರುವಾಗುತ್ತದೆ. ಹಳ್ಳಿ ಕಡೆ ಎಲ್ಲಾದರೂ ಹೋಗೋಣ ಅಂದರೆ ಊಟದ ಚಿಂತೆ. ಅದಕ್ಕೆ ಸೆಲ್ಫ್ ಕೇಟರಿಂಗ್ ಮನೆಗಳಿವೆ. ಒಲೆ, ಪಾತ್ರೆ, ಫ್ರಿಜ್ ಅವರದು. ಅನ್ನ, ಸಾರು ನಿಮ್ಮದು.

ಮೊದಲು ಸ್ಟೇಷನ್, ಆಮೇಲೆ ಮನೆ

ಫೋಟೊ ಚೆನ್ನಾಗಿದೆ ಅಂತ ಮನೆ ಹಿಡಿಯಬೇಡಿ. ಒಳಹಳ್ಳಿಗಳಿಗೆ ಬಸ್ಸು ಕಡಿಮೆ, ಎಷ್ಟೋ ಕಡೆ ಭಾನುವಾರ ಇಲ್ಲವೇ ಇಲ್ಲ. ಕಾರಿಲ್ಲದವರಿಗೆ ನಾನು ಹೇಳುವ ಊರು ಉತ್ತರ ಇಂಗ್ಲೆಂಡಿನಲ್ಲಿ ಯಾರ್ಕ್‌ಶೈರ್ ಡೇಲ್ಸ್ ಅನ್ನುವ ಗುಡ್ಡಗಾಡಿನ ಅಂಚಿನ ಸೆಟಲ್. ಲೀಡ್ಸ್‌ನಿಂದ ನೇರ ರೈಲು, ಹೆಚ್ಚುಕಡಿಮೆ ಒಂದು ಗಂಟೆ. ಸ್ಟೇಷನ್ನಿಂದ ಪೇಟೆಗೆ ನಡೆದೇ ಹೋಗಬಹುದು. ಸೂಪರ್‌ಮಾರ್ಕೆಟ್ ಇದೆ, ಮಂಗಳವಾರ ಸಂತೆ ಸೇರುತ್ತದೆ. ಊರು ದಾಟಿದರೆ ಸುಣ್ಣಕಲ್ಲಿನ ಗುಡ್ಡ, ಕಲ್ಲು ಪೇರಿಸಿದ ಗೋಡೆ, ಕುರಿ. ಕಾಟ್ಸ್‌ವೋಲ್ಡ್ಸ್ ಅನ್ನುವ ಹಳ್ಳಿಗಾಡಿಗೆ ಹೆಸರು ಜಾಸ್ತಿ, ಜನವೂ ಜಾಸ್ತಿ. ಸುಮ್ಮನೆ ಕೂರಬೇಕು ಅನ್ನುವವರಿಗೆ ಸೆಟಲ್ಲೇ ಸರಿ.

ಬುಕ್ ಮಾಡುವ ಮುಂಚೆ ಕೇಳಿ

ವಾರದ ಬಾಡಿಗೆ ಸಾಮಾನ್ಯವಾಗಿ ಶುಕ್ರವಾರ ಇಲ್ಲವೇ ಶನಿವಾರ ಶುರುವಾಗುತ್ತದೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಬಾಡಿಗೆ ಏರುತ್ತದೆ. ಸೆಪ್ಟೆಂಬರ್ ಒಳ್ಳೆಯದು. 'ಸ್ಲೀಪ್ಸ್ 4' ಅಂತಿದ್ದರೆ ನಾಲ್ಕು ಜನಕ್ಕೂ ಮಂಚ ಇದೆಯಾ, ಇಬ್ಬರು ಸೋಫಾದ ಮೇಲಾ ಅಂತ ಕೇಳಿ. ಹಳೇ ಮನೆಗಳ ಮೆಟ್ಟಿಲು ಕಡಿದಾಗಿರುತ್ತವೆ, ಮಂಡಿನೋವಿನವರಿದ್ದರೆ ಅದನ್ನೂ ವಿಚಾರಿಸಿ. ಟವೆಲ್, ಹೊದಿಕೆ ಕೊಡುತ್ತಾರಾ? ಒಲೆ ಗ್ಯಾಸಿನದಾ, ಇಂಡಕ್ಷನ್ನಾ? ಇಂಡಕ್ಷನ್ ಆದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರದು. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ತಳಕ್ಕೆ ಅಂಟಿಕೊಳ್ಳುವ ಸ್ಟೀಲ್ ಕುಕ್ಕರ್ ಒಯ್ಯಿರಿ.

ದಿನಸಿ

ಸಾರಿನ ಪುಡಿ, ಹುಣಸೆಹಣ್ಣು, ಇಂಗು ಊರಿಂದ ತಂದಿದ್ದರೆ ಚೆನ್ನ. ತುಪ್ಪ, ಪನೀರು ಮಾತ್ರ ತರುವಂತಿಲ್ಲ. ಭಾರತದಿಂದ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವುದಕ್ಕೆ ಅಲ್ಲಿ ನಿಷೇಧ ಇದೆ. ಉಪ್ಪಿಲ್ಲದ ಬೆಣ್ಣೆ ಅಲ್ಲೇ ಸಿಗುತ್ತದೆ, ಕಾಯಿಸಿಕೊಳ್ಳಿ. ತೊಗರಿಬೇಳೆ, ಕರಿಬೇವನ್ನು ಲೀಡ್ಸ್ ಅಥವಾ ಬ್ರಾಡ್‌ಫರ್ಡ್‌ನ ಏಷ್ಯನ್ ಅಂಗಡಿಯಲ್ಲಿ ಕೊಂಡೇ ರೈಲು ಹತ್ತಿ. ಹಳ್ಳಿಯಲ್ಲಿ ಹುಡುಕುತ್ತೇವೆ ಅಂದರೆ ಆಗದ ಮಾತು.

ಭಾನುವಾರದ ಲೆಕ್ಕವೇ ಬೇರೆ. 1994ರ ಕಾನೂನಿನ ಪ್ರಕಾರ ಇಂಗ್ಲೆಂಡಿನ ದೊಡ್ಡ ಅಂಗಡಿಗಳು ಅವತ್ತು ಬೆಳಗ್ಗೆ 10ರಿಂದ ಸಂಜೆ 6ರ ನಡುವೆ ಆರೇ ಗಂಟೆ ತೆರೆಯಬಹುದು. ಸಂಜೆ ಐದಕ್ಕೆ ಚೀಲ ಹಿಡಿದು ಹೊರಟರೆ ಬಹಳ ಕಡೆ ಬಾಗಿಲು ಹಾಕಿರುತ್ತದೆ.

ಒಲೆ ಹತ್ತುತ್ತಿಲ್ಲವೇ?

ಮನೆಗೆ ಸಾಮಾನ್ಯವಾಗಿ ಮಧ್ಯಾಹ್ನ 3 ಅಥವಾ 4ರ ಮೇಲೆ ಬಿಡುತ್ತಾರೆ. ಮೊದಲ ಸಂಜೆ ಕರೆಂಟ್ ಒಲೆ ತಿರುಗಿಸಿದರೆ ಬಿಸಿಯೇ ಆಗುವುದಿಲ್ಲ. ಮಾಲೀಕರಿಗೆ ಫೋನ್ ಮಾಡಬೇಡಿ. ಒಲೆಯ ಪಕ್ಕದ ಗೋಡೆಯಲ್ಲಿ ದೊಡ್ಡದೊಂದು ಸ್ವಿಚ್ ಇರುತ್ತದೆ, ಬಹಳ ಕಡೆ ಕೆಂಪು ಬಣ್ಣದ್ದು. ಅದನ್ನು ಒತ್ತಿ.

ಒಗ್ಗರಣೆಗೆ ಮುಂಚೆ ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಹಾಲ್ ಕಡೆಯ ಬಾಗಿಲು ಮುಚ್ಚಿ. ಒಣಮೆಣಸಿನಕಾಯಿಯ ಘಾಟು ಆಚೆ ಹೋದರೆ ಹೊಗೆ ಅಲಾರಂ ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ಹಾಗಂತ ಅಲಾರಂಗೆ ಬಟ್ಟೆ ಕಟ್ಟಬಾರದು. ಅರಿಶಿನದ ಕೈಯನ್ನು ಬಿಳಿ ಟವೆಲ್ಲಿಗೆ ಒರೆಸಿದಿರೋ, ಡೆಪಾಸಿಟ್‌ನಲ್ಲಿ ಕಡಿತ ಆಗಬಹುದು.

ಬಚ್ಚಲಲ್ಲಿ ಷವರ್ ತಣ್ಣಗೇ ಬರುತ್ತಿದ್ದರೆ ಚಾವಣಿಯಿಂದ ಇಳಿಬಿಟ್ಟ ದಾರ ಎಳೆಯಿರಿ. ಕರೆಂಟ್ ಷವರ್‌ಗೆ ಅದೇ ಸ್ವಿಚ್. ನೆಲದಲ್ಲಿ ನೀರು ಹೋಗಲು ತೂತು ಇರುವುದಿಲ್ಲ, ಚೊಂಬಿನಲ್ಲಿ ಮೊಗೆದು ಸುರಿದುಕೊಂಡರೆ ಕೆಳಮನೆಯವರ ಚಾವಣಿ ತೊಟ್ಟಿಕ್ಕುತ್ತದೆ. ಟಾಯ್ಲೆಟ್ಟಿಗೆ ಒಂದು ಪ್ಲಾಸ್ಟಿಕ್ ಮಗ್ ಮಾತ್ರ ಮರೆಯದೆ ಇಟ್ಟುಕೊಳ್ಳಿ.

ಹೊರಗೆ ಕಾಲಿಡುವಾಗ

ಹಳದಿ ಬಾಣದ ಗುರುತಿರುವ ಕಾಲುದಾರಿ ಯಾರದೋ ಹೊಲದ ನಡುವೆ ಹೋದರೂ ನಡೆಯಲು ನಿಮಗೆ ಹಕ್ಕಿದೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿಟ್ಟಿದ್ದರೆ ಹಾಗೇ ಬಿಡಿ. ಮಳೆ ಬಂದರೆ ಸೆಟಲ್‌ನಲ್ಲಿ ಕಾರ್ಲೈಲ್ ಕಡೆಯ ರೈಲು ಹತ್ತಿ. ಸ್ವಲ್ಪ ಹೊತ್ತಿಗೇ ರಿಬ್ಬಲ್‌ಹೆಡ್‌ನ 24 ಕಮಾನಿನ ಸೇತುವೆ ಬರುತ್ತದೆ. ಸೇತುವೆ ಪೂರ್ತಿ ನೋಡಬೇಕಾದರೆ ಅದಕ್ಕೆ ಮುಂಚಿನ ರಿಬ್ಬಲ್‌ಹೆಡ್ ಸ್ಟೇಷನ್ನಿನಲ್ಲಿ ಇಳಿಯಿರಿ. ರೈಲಿನಲ್ಲಿ ಸೇತುವೆ ಮೇಲೆ ಹೋಗುವಾಗ ಅದು ಸರಿಯಾಗಿ ಕಾಣಿಸುವುದೇ ಇಲ್ಲ!

ಹೊರಡುವ ದಿನ

ಸಾಮಾನ್ಯವಾಗಿ ಬೆಳಗ್ಗೆ 10ಕ್ಕೆ ಖಾಲಿ ಮಾಡಬೇಕು. ಪಾತ್ರೆ ತೊಳೆದಿಡಿ, ಗಾಜು, ಕಾಗದ, ಉಳಿದ ಕಸವನ್ನು ಅಲ್ಲಿ ಬರೆದಿಟ್ಟಂತೆ ಬೇರೆ ಬೇರೆ ಡಬ್ಬಕ್ಕೆ ಹಾಕಿ. ಬೀಗದ ಕೈಯನ್ನು ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ನಂಬರ್ ಚಕ್ರಗಳನ್ನು ತಿರುಗಿಸಿಬಿಡಿ. ಹಾಗೇ ಬಿಟ್ಟರೆ ದಾರಿಯಲ್ಲಿ ಹೋಗುವವರೂ ತೆಗೆಯಬಹುದು.