ಕಬ್ಬಿಣ ಎತ್ತಿದರೆ ಕೈ ನಿಧಾನವಾಗುತ್ತದೆ ಎಂದವರ ನಡುವೆ ನನ್ನ ಮೂರು ವರ್ಷ

ಭಾರ ಎತ್ತಿದರೆ ಮೈ ಬಿಗಿದುಕೊಳ್ಳುತ್ತದೆ, ಹೊಡೆತ ನಿಧಾನವಾಗುತ್ತದೆ ಎಂಬ ಮಾತನ್ನು ಕೈಗೆ ಗ್ಲೌಸ್ ಹಾಕಿದ ಮೊದಲ ದಿನದಿಂದಲೂ ಕೇಳುತ್ತ ಬಂದಿದ್ದೇನೆ. ನನ್ನ ಕೋಚ್ ಅದನ್ನು ಇನ್ನೂ ಖಾರವಾಗಿ ಹೇಳುತ್ತಿದ್ದರು: "ಮೈ ತೋರಿಸುವುದೋ, ಬಾಕ್ಸಿಂಗ್ ಮಾಡುವುದೋ, ಮೊದಲು ತೀರ್ಮಾನ ಮಾಡಿಕೊಂಡು ಬಾ." ಅದೇ ಕೋಚ್ ಕಳೆದ ವರ್ಷ ನನಗೆ ಹೊಡೆತ ತಡೆಯುವ ಪ್ಯಾಡ್ ಹಿಡಿದು, ಮೂರನೆಯ ರೌಂಡಿನ ಕೊನೆಗೆ ಕೈ ಕೊಡವಿಕೊಳ್ಳುತ್ತ, "ಏನು ಮಾಡುತ್ತಿದ್ದೀಯೋ ಅದನ್ನು ಉಳಿದ ಹುಡುಗರಿಗೂ ಹೇಳಿಕೊಡು" ಎಂದರು. ಈ ಬರಹಕ್ಕೆ ಆ ಮಾತೇ ಕಾರಣ. ಆದರೆ ಅವರ ಅನುಮಾನಕ್ಕೆ ಆಧಾರವಿರಲಿಲ್ಲ ಎನ್ನಲಾರೆ. ಮೊದಲ ಒಂದೂವರೆ ವರ್ಷ ಅವರ ಮಾತನ್ನು ನಿಜ ಮಾಡಿ ತೋರಿಸಿದವನು ನಾನೇ.

ಆಗ ನಾನು ಮಾಡಿದ್ದು ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತಹ ಕೆಲಸ. ವಾರಕ್ಕೆ ಐದು ದಿನ, ಒಂದು ದಿನ ಎದೆ, ಒಂದು ದಿನ ತೋಳು, ಪ್ರತಿ ಸೆಟ್ಟಿನಲ್ಲಿ ಹತ್ತು ಹನ್ನೆರಡು ರೆಪ್ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್), ಅದೂ ಇನ್ನು ಎತ್ತಲಾಗದು ಎನ್ನುವವರೆಗೆ. ನಾಲ್ಕು ತಿಂಗಳಲ್ಲಿ ಬೆಂಚ್ ಪ್ರೆಸ್ 60ರಿಂದ ಸುಮಾರು 85 ಕೆ.ಜಿ.ಗೆ ಏರಿತು, ಜೊತೆಗೆ 63.5 ಕೆ.ಜಿ. ವಿಭಾಗದಲ್ಲಿ ಆಡಬೇಕಾದ ನನ್ನ ತೂಕವೂ 68ರ ಹತ್ತಿರ ಬಂತು. ಅದನ್ನು ಇಳಿಸಲು ಹೋಗಿ ಪಂದ್ಯದ ಎರಡನೆಯ ರೌಂಡಿನಲ್ಲೇ ಕಾಲು ಸೋತವು. ಇಷ್ಟಾದರೂ ನನ್ನ ಕ್ರಾಸ್, ಅಂದರೆ ಹಿಂದಿನ ಕೈಯ ನೇರ ಹೊಡೆತ, ಮೊದಲಿಗಿಂತ ಭಾರವಾಗಿದೆಯೆಂದು ಎದುರಾಳಿಗಳಲ್ಲಿ ಒಬ್ಬನೂ ಹೇಳಲಿಲ್ಲ.

ಎರಡನೆಯ ತಪ್ಪು, ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿಯಿಲ್ಲದೆ ಗಾಳಿಗೆ ಗುದ್ದುವ ಅಭ್ಯಾಸ, ಮಾಡಿದ್ದು. ಡಂಬೆಲ್ಲಿನ ಭಾರ ಎಳೆಯುವುದು ಕೆಳಕ್ಕೆ, ಮುಷ್ಟಿ ಹೋಗಬೇಕಾದದ್ದು ಮುಂದಕ್ಕೆ; ಇದರಿಂದ ದಣಿಯುವುದು ಭುಜದ ಮುಂಭಾಗ ಮಾತ್ರ ಎಂಬುದು, ಎಡ ಭುಜ ನೋವಾಗಿ ಆರು ವಾರ ಬ್ಯಾಗ್ ಮುಟ್ಟದೆ ಕುಳಿತಾಗ ಅರ್ಥವಾಯಿತು. ಅನಂತರ ಬಾಕ್ಸರುಗಳಿಗೆಂದೇ ತಯಾರಾದದ್ದು ಎಂದು ನಂಬಿ ಹಣ ಕೊಟ್ಟು ತಂದ ಒಂದು ವ್ಯಾಯಾಮದ ಪಟ್ಟಿಯನ್ನು ಅನುಸರಿಸಿದೆ. ಹಗುರ ಭಾರ, ಮೂವತ್ತು ರೆಪ್, ಒಂದಾದ ಮೇಲೊಂದು ಬಿಡುವಿಲ್ಲದೆ ಮಾಡುವ ಸರ್ಕ್ಯೂಟ್. ಹಗ್ಗ, ಬ್ಯಾಗ್, ಪ್ಯಾಡ್‌ಗಳಲ್ಲಿ ದಿನವೂ ಆಗುತ್ತಿದ್ದ ಏದುಸಿರನ್ನೇ ಮತ್ತೊಮ್ಮೆ ಹಣ ಕೊಟ್ಟು ಕೊಂಡಂತಾಯಿತು. ಆ ಪಟ್ಟಿ, ವರ್ಷದ ಜಿಮ್ ಶುಲ್ಕ, ಭುಜದ ಚಿಕಿತ್ಸೆ ಎಲ್ಲ ಸೇರಿ ಎರಡು ತಿಂಗಳ ಸಂಬಳ ಹೋಗಿರಬೇಕು.

ಒಮ್ಮೆ ಕೋಚ್ ಜೊತೆ ವಾದಕ್ಕಿಳಿದೆ. 1985ರಲ್ಲಿ ಲೈಟ್ ಹೆವಿವೇಟ್ ಎಂಬ ಕೆಳಗಿನ ತೂಕದ ವಿಭಾಗದಿಂದ ಮೇಲೇರಿ ಹೆವಿವೇಟ್ ಚಾಂಪಿಯನ್ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದ ಮೈಕೆಲ್ ಸ್ಪಿಂಕ್ಸ್, 1990ರಲ್ಲಿ ಬಸ್ಟರ್ ಡಗ್ಲಾಸ್ ಅವರನ್ನು ಕೆಡವಿದ ಇವಾಂಡರ್ ಹೋಲಿಫೀಲ್ಡ್, ಇಬ್ಬರೂ ಭಾರ ಎತ್ತಿಯೇ ತಯಾರಾದವರಲ್ಲವೇ ಎಂದೆ. ಅವರು ಶಾಂತವಾಗಿ, "ಅವರಿಗೆ ತೂಕ ಏರಿಸಿಕೊಳ್ಳಬೇಕಿತ್ತು. ನಿನಗೆ?" ಎಂದರು. ಉತ್ತರ ಹೊಳೆಯಲಿಲ್ಲ. ತೂಕ ಏರದೆ ಬಲ ಮಾತ್ರ ಏರಬೇಕು ಎಂಬ ನನ್ನ ನಿಜವಾದ ಸಮಸ್ಯೆಯನ್ನು ನನ್ನ ಮುಂದಿಟ್ಟವರು ಹೀಗೆ ಅವರೇ ಆದರು.

ಈಗ ನಾನು ವಾರಕ್ಕೆ ಎರಡೇ ಬಾರಿ, ನಲವತ್ತು ನಿಮಿಷ ಮೀರದಂತೆ, ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಕಾದಾಟ) ಇರುವ ದಿನವೇ ಸಂಜೆ ಭಾರ ಎತ್ತುತ್ತೇನೆ. ಎಲ್ಲರೂ ನಕ್ಕದ್ದು ಈ ಕೊನೆಯ ಅಂಶಕ್ಕೆ. ಮೊದಲು ಸ್ಪಾರಿಂಗ್ ಇಲ್ಲದ ದಿನಗಳನ್ನು ಹುಡುಕಿ ಭಾರ ಎತ್ತುತ್ತಿದ್ದೆ, ಹಾಗಾಗಿ ದೇಹಕ್ಕೆ ಖಾಲಿ ದಿನವೆಂಬುದೇ ಇರಲಿಲ್ಲ. ಕಷ್ಟದ ಕೆಲಸಗಳನ್ನು ಒಂದೇ ದಿನಕ್ಕೆ ತುಂಬಿ, ನಡುವೆ ಆರು ಗಂಟೆ ಬಿಟ್ಟ ಮೇಲೆ ಹಗುರ ದಿನಗಳು ನಿಜವಾಗಿಯೂ ಹಗುರವಾದವು, ಒಂದು ತಿಂಗಳೊಳಗೆ ಕಾಲುಗಳು ಮರಳಿ ಬಂದವು.

ಮುಖ್ಯ ಕೆಲಸ ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್ (ಚೌಕಟ್ಟಿನಂಥ ಬಾರಿನ ನಡುವೆ ನಿಂತು, ಎರಡೂ ಬದಿ ಹಿಡಿದು ನೆಲದಿಂದ ಎತ್ತುವುದು): ನಾಲ್ಕು ಸೆಟ್, ಮೂರು ರೆಪ್, ನಡುವೆ ಮೂರು ನಿಮಿಷ ಬಿಡುವು, ಇನ್ನೂ ಎರಡು ರೆಪ್ ಎತ್ತಬಲ್ಲೆ ಎನಿಸುವಾಗಲೇ ನಿಲ್ಲಿಸುವುದು. ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್ ಕೈಬಿಟ್ಟೆ, ಏಕೆಂದರೆ ಅದರ ನೋವು ತೊಡೆಯಲ್ಲಿ ಎರಡು ದಿನ ಉಳಿಯುತ್ತಿತ್ತು. ಟ್ರ್ಯಾಪ್ ಬಾರನ್ನಾದರೆ ಎತ್ತಿದ ಮೇಲೆ ನಿಧಾನವಾಗಿ ಇಳಿಸದೆ ರಬ್ಬರ್ ಹಾಸಿನ ಮೇಲೆ ಬಿಟ್ಟುಬಿಡಬಹುದು. ಆ ಒಂದು ಬದಲಾವಣೆಯಿಂದ ಮರುದಿನದ ನೋವು ಹೆಚ್ಚುಕಡಿಮೆ ಮಾಯವಾಯಿತು. ಉಳಿದಂತೆ ಸೊಂಟಕ್ಕೆ ಭಾರ ಕಟ್ಟಿ ಪುಲ್-ಅಪ್, ಒಂದೊಂದೇ ಕೈಯಲ್ಲಿ ಲ್ಯಾಂಡ್‌ಮೈನ್ ಪ್ರೆಸ್ (ಒಂದು ತುದಿ ನೆಲಕ್ಕೆ ಊರಿದ ಬಾರಿನ ಇನ್ನೊಂದು ತುದಿಯನ್ನು ಓರೆಯಾಗಿ ಮೇಲಕ್ಕೆ ತಳ್ಳುವುದು), ಅಷ್ಟೆ. 90 ಕೆ.ಜಿ.ಯಿಂದ ಆರಂಭಿಸಿದ ಡೆಡ್‌ಲಿಫ್ಟ್ ಹದಿನಾಲ್ಕು ತಿಂಗಳಲ್ಲಿ 160 ದಾಟಿತು, ದೇಹದ ತೂಕ 64ರ ಆಸುಪಾಸಿನಲ್ಲೇ ನಿಂತಿತು. ಹಣ ಉಳಿಸಲೆಂದು ಮೊದಲ ಬಾರನ್ನು ಪೈಪಿನಲ್ಲಿ ವೆಲ್ಡಿಂಗ್ ಮಾಡಿಸಿದ್ದೆ. 120ರ ಹತ್ತಿರ ಅದು ಬೆಸುಗೆಯಲ್ಲೇ ಬಾಗಿ, ಕೊನೆಗೆ ಕಾರ್ಖಾನೆಯ ಬಾರನ್ನೇ ಕೊಳ್ಳಬೇಕಾಯಿತು. ಉಳಿತಾಯವೆಂಬುದು ದುಪ್ಪಟ್ಟು ಖರ್ಚಾಯಿತು.

ಬಲ ಬಂದರೂ ಅದು ಕೂಡಲೇ ಮುಷ್ಟಿಗೆ ಇಳಿಯಲಿಲ್ಲ. ಸ್ನಾಯು ತನ್ನ ಪೂರ್ತಿ ಬಲ ತೋರಲು ಸುಮಾರು 0.3 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಬೇಕು. ಮುಂದಿನ ಕೈಯ ಚುರುಕು ಹೊಡೆತವಾದ ಜ್ಯಾಬ್ ಅಷ್ಟು ಸಮಯ ಕೊಡುವುದಿಲ್ಲ. ಆದ್ದರಿಂದ ಪ್ರತಿ ಭಾರದ ಸೆಟ್ ಆದ ಮೇಲೆ ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡನ್ನು ಹಿಂಗಾಲಿನಿಂದ ತಿರುಗಿ ಗೋಡೆಗೆ ನಾಲ್ಕು ಬಾರಿ ಎಸೆಯತೊಡಗಿದೆ. ಆರು ಕೆ.ಜಿ. ಚೆಂಡಿನಲ್ಲಿ ಅದು ಎಸೆತವಾಗದೆ ತಳ್ಳುವಿಕೆಯಾಯಿತು. ಮೂರಕ್ಕೆ ಇಳಿಸಿದ ಮೇಲೆ ಸೊಂಟ ಮೊದಲು, ಭುಜ ಆಮೇಲೆ ಎಂಬ ಕ್ರಮ ತಾನಾಗಿ ಬಂತು. ಭಾರ ಎತ್ತುವ ಮೊದಲು ನಿಂತಲ್ಲಿಂದಲೇ ಒಮ್ಮೆ ಉದ್ದ ಜಿಗಿಯುತ್ತೇನೆ. ನನ್ನ ರೂಢಿಯ ದೂರಕ್ಕಿಂತ ಹತ್ತು ಸೆಂಟಿಮೀಟರ್ ಕಡಿಮೆಯಾದರೆ ಆ ದಿನ ಬಾರ್ ಮುಟ್ಟುವುದಿಲ್ಲ.

ನಡುವೆ ಕುತ್ತಿಗೆಗೆ ಪಟ್ಟಿ ಕಟ್ಟಿ ಭಾರ ಎತ್ತುವ ಪ್ರಯೋಗವನ್ನೂ ಮಾಡಿದೆ. ಆರು ತಿಂಗಳಲ್ಲಿ ಕುತ್ತಿಗೆಯ ಸುತ್ತಳತೆ ಎರಡು ಸೆಂಟಿಮೀಟರಿನಷ್ಟು ಏರಿತು, ಹುಕ್ (ಬದಿಯಿಂದ ಬರುವ ಹೊಡೆತ) ತಿಂದಾಗ ತಲೆ ಮೊದಲಿನಷ್ಟು ಪಕ್ಕಕ್ಕೆ ಹೊರಳುವುದಿಲ್ಲ ಎಂಬುದು ನನ್ನ ಅನಿಸಿಕೆ. ಮುಷ್ಟಿಯನ್ನು ಗೋಡೆಗೆ ಒತ್ತಿ ಹಿಡಿಯುವ ಇನ್ನೊಂದು ಪ್ರಯೋಗದಿಂದ ಮಣಿಕಟ್ಟು ಉಳುಕಿದ್ದೇ ಬಂತು. ಪಂದ್ಯಕ್ಕೆ ಮುಂಚಿನ ಹತ್ತು ದಿನ ಭಾರವನ್ನು ಹೇಗೆ ಇಳಿಸುತ್ತೇನೆ, ಕೊನೆಯ ಬಾರಿ ಯಾವಾಗ ಎತ್ತುತ್ತೇನೆ ಎಂಬುದನ್ನು ಮಾತ್ರ ಬರೆಯಲಾರೆ. ನನ್ನ ತೂಕದಲ್ಲೇ ಆಡುವ ಇಬ್ಬರು ಇದನ್ನು ಓದುವುದು ಖಂಡಿತ.

ಈಗ ನಾಲ್ವರು ಹುಡುಗರು ನನ್ನ ಬಾರ್ ಹಂಚಿಕೊಂಡಿದ್ದಾರೆ. ಅವರಲ್ಲೊಬ್ಬ ನನಗೆ ಹೇಳದೆ ಎದೆಗೊಂದು ದಿನ, ತೋಳಿಗೊಂದು ದಿನ ಸೇರಿಸಿಕೊಂಡು ಎರಡು ಕೆ.ಜಿ. ಏರಿದ್ದ. ಮೈ ತೋರಿಸುವುದೋ, ಬಾಕ್ಸಿಂಗ್ ಮಾಡುವುದೋ ಎಂದು ನಾನು ಅವನನ್ನು ಕೇಳುತ್ತಿದ್ದಾಗ, ಆಚೆ ಬದಿಯಲ್ಲಿ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ ಕೋಚ್ ತಲೆ ಎತ್ತದೆಯೇ ನಕ್ಕರು.