ಆರು ಬಿಂದಿಗೆಯ ಲೆಕ್ಕ

ನಾಗಮಂಗಲ ತಾಲ್ಲೂಕಿನ ನಮ್ಮ ಊರಿನಲ್ಲಿ ಮೇಲಿನ ಬೀದಿಯೇ ನೀರಿನ ಕೊಳವೆಯ ತುದಿ. ಕೆಳಗಿನ ಬೀದಿಯವರ ಡ್ರಮ್ಮುಗಳು ತುಂಬಿದ ಮೇಲೆ ನಮ್ಮ ನಲ್ಲಿಯಲ್ಲಿ ಮೊದಲು ಗಾಳಿ ಬುಸುಗುಡುತ್ತಿತ್ತು, ಆಮೇಲೆ ನೂಲಿನಂತೆ ನೀರು. ಮೂರು ವರ್ಷ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟೆ. ಎಲ್ಲದರಲ್ಲೂ "ದಯಮಾಡಿ ನೀರು ಕೊಡಿಸಬೇಕಾಗಿ ಪ್ರಾರ್ಥನೆ" ಎಂದೇ ಬರೆದಿದ್ದೆ. "ನೋಡೋಣ ಬಿಡಮ್ಮ" ಎನ್ನುತ್ತಿದ್ದರು. ಒಂದಕ್ಕೂ ಸ್ವೀಕೃತಿ ಪಡೆದಿರಲಿಲ್ಲ.

ಕೊನೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯನ್ನೇ ತರಿಸಿ ಓದಿದೆ. ಅದರ 58ನೇ ಪ್ರಕರಣದಲ್ಲಿ ಗ್ರಾಮ ಪಂಚಾಯಿತಿ ಮಾಡಲೇಬೇಕಾದ ಕೆಲಸಗಳನ್ನು ಬೇರೆಯಾಗಿಯೇ ಹೇಳಿದೆ. ನೀರು ಸರಬರಾಜನ್ನು ತಾನೇ ಇಲ್ಲವೇ ವಾರ್ಷಿಕ ಗುತ್ತಿಗೆಗೆ ಕೊಟ್ಟು, ಅದಕ್ಕೆ ಬೇಕಾದ ಹಣವನ್ನೂ ಹೊಂದಿಸಿಕೊಂಡು ನಿರ್ವಹಿಸುವುದು ಅವುಗಳಲ್ಲೊಂದು. (ಪುರಸಭೆ, ನಗರಸಭೆಗಳ ಊರಿನವರು 1964ರ ಪುರಸಭೆಗಳ ಕಾಯ್ದೆಯ 87ನೇ ಪ್ರಕರಣ ನೋಡಬೇಕು.) ಓದಿ ನನಗೆ ಹೊಟ್ಟೆ ಉರಿಯಿತು. ಪಂಚಾಯಿತಿ ಕೊಡಲೇಬೇಕಾದದ್ದನ್ನು ಇಷ್ಟು ವರ್ಷ ಕೈಮುಗಿದು ಬೇಡಿದ್ದೆವು.

ಆದರೆ "ನೀರು ಸಾಲದು" ಎಂದರೆ ಎಷ್ಟು ಸಾಲದು? ಮನೆಮನೆಗೆ ನಲ್ಲಿ ಹಾಕಿಸಿದ ಜಲಜೀವನ್ ಮಿಷನ್ನಿನ ಅಳತೆ ಒಬ್ಬರಿಗೆ ದಿನಕ್ಕೆ 55 ಲೀಟರ್. ನಮ್ಮ ಮನೆಯಲ್ಲಿ ಐವರು. 275 ಲೀಟರ್ ಬರಬೇಕು. ನಮ್ಮ ಪ್ಲಾಸ್ಟಿಕ್ ಬಿಂದಿಗೆಗೆ 15 ಲೀಟರ್ ಹಿಡಿಯುತ್ತದೆ, ಅಂದರೆ 18 ಬಿಂದಿಗೆಗೂ ಸ್ವಲ್ಪ ಹೆಚ್ಚು. ಬೀದಿಯ ಹನ್ನೊಂದು ಮನೆಗಳಲ್ಲಿ 21 ದಿನ ಲೆಕ್ಕ ಇಟ್ಟೆವು: ನೀರು ಬಂದ ಹೊತ್ತು, ನಿಂತ ಹೊತ್ತು, ತುಂಬಿದ ಬಿಂದಿಗೆ. ಅತ್ತೆಗೆ ಅಕ್ಷರ ಬಾರದು. ಅವರು ನಲ್ಲಿಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬಿಂದಿಗೆಗೊಂದು ಗೆರೆ ಎಳೆಯುತ್ತಿದ್ದರು; ಸಂಜೆ ನಾನು ಎಣಿಸಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಆರು ಗೆರೆ ದಾಟಿದ ದಿನ ಅಪರೂಪ.

ಜೊತೆಗೇ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ನೀರಿನ ಆದಾಯ, ಖರ್ಚಿನ ವಹಿಯ ನಕಲು ಮಾತ್ರ ಕೇಳಿದೆ. ಬಂದ ಹಾಳೆಗಳಲ್ಲಿ ನಮ್ಮ ಬೀದಿಗೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ಆದರೆ ನಮ್ಮಲ್ಲೇ ಹಲವು ಮನೆಗಳವರು ನೀರಿನ ಕರ ಬಾಕಿ ಉಳಿಸಿಕೊಂಡಿದ್ದರು. ನೀರೇ ಬಾರದೆ ಯಾಕೆ ಕಟ್ಟಬೇಕು ಎಂದು ಜಗಳವಾಯಿತು. ನಾನು ಕಟ್ಟೋಣವೆಂದೇ ಹಟ ಹಿಡಿದೆ. ಹಣವಿಲ್ಲವೆಂಬ ಮಾತು ಪಂಚಾಯಿತಿಯವರ ಬಾಯಲ್ಲಿ ಉಳಿಯಬಾರದಿತ್ತು. ಎರಡು ವಾರ ಹಿಡಿದರೂ ರಸೀದಿಗಳೆಲ್ಲ ಕೈಗೆ ಬಂದವು.

ಹೊಸ ಅರ್ಜಿಯಲ್ಲಿ ಪ್ರಾರ್ಥನೆ ಇರಲಿಲ್ಲ. "58ನೇ ಪ್ರಕರಣದಂತೆ ತಮ್ಮ ಕರ್ತವ್ಯವಾದ ನೀರು ಪೂರೈಕೆಯನ್ನು ಸರಿಪಡಿಸಬೇಕು" ಎಂದು ಬರೆದು, 21 ದಿನದ ಲೆಕ್ಕ, ರಸೀದಿಗಳ ನಕಲು ಲಗತ್ತಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಕೊಟ್ಟೆ. ಒಂದು ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ತಲುಪಿಸಿದೆ. ಎರಡಕ್ಕೂ ಮೊಹರು ಹಾಕಿಸಿಕೊಂಡೆ. ಗ್ರಾಮಸಭೆಯಲ್ಲಿ ವಿಷಯವನ್ನು ನಡವಳಿ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳುವವರೆಗೂ ನಮ್ಮ ಬೀದಿಯ ಹೆಂಗಸರು ಎದ್ದು ಹೋಗಲಿಲ್ಲ. ಈ ಹಂತವನ್ನು ಯಾರೂ ಬಿಡಬೇಡಿ. ನಡವಳಿಯಲ್ಲಿ ಇಲ್ಲದ ಮಾತಿಗೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ.

ತಿಂಗಳೊಳಗೆ ಬೀದಿ ಕವಲೊಡೆಯುವ ಜಾಗದಲ್ಲಿ ಗುಂಡಿ ತೋಡಿ ಒಂದು ವಾಲ್ವ್ ಕೂರಿಸಿದರು. ಅಷ್ಟೇ ಸಾಕೆಂದು ನೀರುಗಂಟಿ ಅಣ್ಣ ಮೊದಲಿನಿಂದಲೂ ಹೇಳುತ್ತಿದ್ದರಂತೆ. ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಎರಡು ಬೀದಿಗೂ ಸರದಿಯಿದೆ.

ನಿನ್ನೆ ಅತ್ತೆ ಎಳೆದದ್ದು ಹದಿನಾರು ಗೆರೆ. ಉಳಿದ ಎರಡು ಬಿಂದಿಗೆಯನ್ನು ಕೇಳಲು ಮುಂದಿನ ಗ್ರಾಮಸಭೆಗೂ ಅದೇ ನೋಟ್‌ಬುಕ್ ಒಯ್ಯುತ್ತೇನೆ.