‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅಂತ ಬಂದರೆ ಮೊದಲು ಏನು ನೋಡಬೇಕು

ಪಹಣಿಗೆ, ಸ್ಕಾಲರ್‌ಶಿಪ್ ಅರ್ಜಿಗೆ ಜನ ಸಾಲುಗಟ್ಟಿ ನಿಂತಿರುವಾಗ ಬ್ರೌಸರ್ ಪರದೆ ಮೇಲೆ ಈ ಎಚ್ಚರಿಕೆ ಬಂದರೆ ಆನ್‌ಲೈನ್ ಸೆಂಟರ್‌ನವರ ಕೈ ತಾನಾಗಿ ‘ಅಡ್ವಾನ್ಸ್‌ಡ್’, ‘ಪ್ರೊಸೀಡ್’ ಕಡೆ ಹೋಗುತ್ತದೆ. ತಡೆಯಿರಿ. ಅದೇ ಪುಟದಲ್ಲಿ ಸಣ್ಣ ಅಕ್ಷರದ ಕೋಡ್ ಇರುತ್ತದೆ, ಅದನ್ನು ಓದಿ.

ಕೋಡ್‌ನಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಅಂತಿದ್ದು, ಒಂದೇ ಸೈಟ್ ಹೀಗಾದರೆ ಆ ಸೈಟಿನ ಸರ್ಟಿಫಿಕೇಟ್ (ವಿಳಾಸ ಆ ಸೈಟಿನದ್ದೇ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತುಪತ್ರ) ಅವಧಿ ಮುಗಿದಿರುತ್ತದೆ. ಅವರು ನವೀಕರಿಸುವ ತನಕ ಕಾಯಬೇಕು. ಎಲ್ಲ ಸೈಟೂ ಹೀಗಾದರೆ ತಪ್ಪು ನಿಮ್ಮ ಗಡಿಯಾರದ್ದು. ರಾಯಚೂರು ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಮೇಲೆ ಹಳೇ ಪಿಸಿಯ ತಾರೀಖು ವರ್ಷಗಟ್ಟಲೆ ಹಿಂದೆ ಓಡಿದ್ದರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ ಅಂತ ತಿಳಿಯಿರಿ. ಪವರ್ ವಯರ್ ಕಿತ್ತು, 3 ವೋಲ್ಟಿನ ಸಿಆರ್ 2032 ಸೆಲ್ಲನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಆಮೇಲೆ ತಾರೀಖು, ಸಮಯವನ್ನು ಕೈಯಿಂದಲೇ ಸರಿಮಾಡಿ, ನಂತರ ‘ಸಿಂಕ್ ನೌ’ ಒತ್ತಿ. ವ್ಯತ್ಯಾಸ ಬಹಳ ಇದ್ದರೆ ವಿಂಡೋಸ್ ತಾನಾಗಿ ಸರಿಮಾಡಿಕೊಳ್ಳುವುದಿಲ್ಲ, ಬರೀ ಸಿಂಕ್ ಒತ್ತಿ ಕೂತವರು ಇಲ್ಲೇ ಸಿಕ್ಕಿಬೀಳುತ್ತಾರೆ.

‘ಕಾಮನ್ ನೇಮ್ ಇನ್‌ವ್ಯಾಲಿಡ್’ ಅಂದರೆ ಸರ್ಟಿಫಿಕೇಟ್ ಬೇರೆ ಹೆಸರಿನದ್ದು. ವಿಳಾಸವನ್ನು ಅಕ್ಷರ ಅಕ್ಷರ ನೋಡಿ.

ನಿಜವಾಗಿ ಅನುಮಾನ ಪಡಬೇಕಾದ್ದು ‘ಅಥಾರಿಟಿ ಇನ್‌ವ್ಯಾಲಿಡ್’, ಅಂದರೆ ಸರ್ಟಿಫಿಕೇಟ್ ಕೊಟ್ಟವರನ್ನು ಬ್ರೌಸರ್ ನಂಬುತ್ತಿಲ್ಲ. ವಿಳಾಸದ ಎಡಕ್ಕಿರುವ ‘ನಾಟ್ ಸೆಕ್ಯೂರ್’ ಒತ್ತಿ, ಸರ್ಟಿಫಿಕೇಟ್ ತೆರೆದು ‘ಇಶ್ಯೂಡ್ ಬೈ’ ಸಾಲು ನೋಡಿ. ಆಂಟಿವೈರಸ್ ಹೆಸರಿದ್ದರೆ ಅದು ಎಚ್‌ಟಿಟಿಪಿಎಸ್ ಸ್ಕ್ಯಾನ್ ಮಾಡುತ್ತಿದೆ (ಸುರಕ್ಷಿತ ಸಂಪರ್ಕವನ್ನು ನಡುವೆ ತೆರೆದು ನೋಡುತ್ತಿದೆ), ಆ ಆಯ್ಕೆ ಆಫ್ ಮಾಡಿ. ಗೊತ್ತಿಲ್ಲದ ಹೆಸರಿದ್ದರೆ ಅದೇ ವಿಳಾಸವನ್ನು ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಬಂದರೆ ನಿಮ್ಮ ವೈಫೈ ಅಥವಾ ಪಿಸಿಯಲ್ಲಿ ಯಾರೋ ನಡುವೆ ಕೂತಿರಬಹುದು. ಪಾಸ್‌ವರ್ಡ್, ಒಟಿಪಿ ಹಾಕಬೇಡಿ. ರೈಲು ನಿಲ್ದಾಣದ ವೈಫೈನಲ್ಲಾದರೆ ಲಾಗಿನ್ ಬಾಕಿ ಇದ್ದಾಗಲೂ ಹೀಗೆ ಬರುತ್ತದೆ, ಲಾಗಿನ್ ಆಗಿ ಮತ್ತೆ ನೋಡಿ.

‘ಪ್ರೊಸೀಡ್’ ಒತ್ತಬಹುದಾದ ಜಾಗಗಳೂ ಇವೆ. ಮನೆ ರೌಟರ್‌ನ 192.168.1.1 ಪುಟ ಒಂದು. ಬಳ್ಳಾರಿ ಜೀನ್ಸ್ ಘಟಕಗಳಿಗೆ, ಗಂಗಾವತಿ ರೈಸ್ ಮಿಲ್‌ಗಳಿಗೆ ಜಿಎಸ್‌ಟಿ ತುಂಬುವವರಿಗೆ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಸಹಿಗಾಗಿ ಎಮ್‌ಸೈನರ್ ಎಂಬ ತಂತ್ರಾಂಶ ತೆರೆಸುವ 127.0.0.1:1585 ಇನ್ನೊಂದು, ಅದು ನಿಮ್ಮದೇ ಪಿಸಿಯ ವಿಳಾಸ. ಬ್ಯಾಂಕ್ ಸೈಟಿಗೆ ಈ ವಿನಾಯಿತಿ ಇಲ್ಲ.

ಯಾರೋ ಕಳಿಸಿದ ರೂಟ್ ಸರ್ಟಿಫಿಕೇಟ್ (ಅದರಡಿ ಬಂದ ಎಲ್ಲ ಸರ್ಟಿಫಿಕೇಟನ್ನೂ ಪಿಸಿ ನಂಬುವಂತೆ ಮಾಡುವ ಮೂಲ ಪತ್ರ) ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಅಧಿಕೃತ ಸಂಸ್ಥೆಗಳ ಕೈಯಲ್ಲೇ ಎಡವಟ್ಟಾಗುತ್ತದೆ: 2014ರ ಜುಲೈನಲ್ಲಿ ಭಾರತದ ಎನ್‌ಐಸಿಯ (ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಪ್ರಮಾಣಪತ್ರ ವಿಭಾಗದಿಂದ ಗೂಗಲ್ ಹೆಸರಿನ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದು, ಅವುಗಳನ್ನು ರದ್ದು ಮಾಡಬೇಕಾಯಿತು.

ಎಚ್ಚರಿಕೆ ಬಾರದಿದ್ದರೂ ವಿಳಾಸ ನೋಡುವುದು ಬಿಡಬೇಡಿ, ನಕಲಿ ಸೈಟಿಗೂ ಪಕ್ಕಾ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ. ಆಗಲೇ ಪಾಸ್‌ವರ್ಡ್ ಕೊಟ್ಟಾಗಿದ್ದರೆ ಬೇರೆ ನೆಟ್‌ನಿಂದ ಬದಲಿಸಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಿ.